ತಿಂಗಳ ಸಂಬಳ ಬಿಟ್ಟು ಆಲೆಮನೆಗೆ ಬಂದ ಮೇಲೆ

ಮೈಸೂರಿನ ಹೆಬ್ಬಾಳದ ಕಡೆ ಒಂದು ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನಾನು ಹತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದೆ. ಈಗ ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲಿ ಕೆಮಿಕಲ್ ಹಾಕದ ಬೆಲ್ಲ ಮಾಡಿ ಮಾರುತ್ತೇನೆ. ಹಳೆಯ ಸಹೋದ್ಯೋಗಿಗಳು, ಅವರ ಪರಿಚಯದವರು ಆಗಾಗ ಫೋನ್ ಮಾಡುತ್ತಾರೆ. 'ಅಷ್ಟು ಧೈರ್ಯ ಹೆಂಗೆ ಬಂತು?' ಅಂತಾರೆ. ದುಡ್ಡು ಯಾವತ್ತು ಕೈಗೆ ಬರುತ್ತೆ, ಯಾವತ್ತು ಕೈಯಿಂದ ಹೋಗುತ್ತೆ ಅಂತ ಕೇಳುವವರು ಕಮ್ಮಿ. ನನಗೆ ಗೊತ್ತಾದ ಮಟ್ಟಿಗೆ ಇಡೀ ವ್ಯವಹಾರ ನಿಂತಿರುವುದೇ ಈ ತಾರೀಖುಗಳ ಮೇಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಲ್ಲವೇ ಯಾಕೆ ಅನ್ನುವುದಕ್ಕೆ ದೊಡ್ಡ ಕಾರಣವೇನಿಲ್ಲ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಜಮೀನು. ಅಪ್ಪ ಜೀವಮಾನವೆಲ್ಲ ಕಬ್ಬು, ಭತ್ತ ಬೆಳೆದವರು. ಮಂಡ್ಯದ ಬೆಲ್ಲಕ್ಕೆ ಹೆಸರಿದೆ, ಮಾರುಕಟ್ಟೆ ಇದೆ. ಆದರೆ ಆ ಮಾರುಕಟ್ಟೆಯಲ್ಲಿ ಬಣ್ಣ ನೋಡಿ ರೇಟು ಕಟ್ಟುತ್ತಾರೆ. ತಿಳಿ ಹಳದಿ ಇದ್ದರೆ ಒಂದು ರೇಟು, ಕಂದು ಇದ್ದರೆ ಇನ್ನೊಂದು. ಆ ಹಳದಿ ಬರಲಿ ಅಂತಲೇ ಹಲವು ಕಡೆ ಪಾಕಕ್ಕೆ ಹೈಡ್ರೋಸ್ ಹಾಕುತ್ತಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆ ಬ್ಲೀಚ್ ಮಾಡಲು ಬಳಸುವ ಪುಡಿ. ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ನನ್ನ ಮಗಳಿಗೆ ತಿನ್ನಿಸಲು ಮನಸ್ಸಾಗದ ಬೆಲ್ಲ ನಮ್ಮ ಊರಿನ ಹೆಸರಲ್ಲೇ ಮಾರಾಟವಾಗುತ್ತದೆ ಅನ್ನುವುದು ನನ್ನನ್ನು ತುಂಬಾ ಕಾಡುತ್ತಿತ್ತು. ಆಲೆಮನೆಯವರನ್ನು ಬೈದು ಪ್ರಯೋಜನವಿಲ್ಲ. ಕಂದು ಬೆಲ್ಲಕ್ಕೆ ರೇಟು ಬಿದ್ದರೆ ನಷ್ಟ ಅವರದೇ ಅಲ್ವಾ? ಮಾರುಕಟ್ಟೆಗೆ ಹೋಗದೆ ನೇರವಾಗಿ ತಿನ್ನುವವರಿಗೆ ಮಾರಿದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ ಅನ್ನಿಸಿತು.

ಕೆಲಸದಲ್ಲಿದ್ದಾಗಲೇ ಶುರು ಮಾಡಿದೆ. ಶನಿವಾರ, ಭಾನುವಾರ ಊರಿಗೆ ಹೋಗಿ ಪಕ್ಕದ ಊರಿನ ಆಲೆಮನೆಯನ್ನು ದಿನದ ಬಾಡಿಗೆಗೆ ಹಿಡಿದು, ನಮ್ಮದೇ ಕಬ್ಬು ಅರೆಸಿ, ಒಂದೆರಡು ಕೊಪ್ಪರಿಗೆ ಬೆಲ್ಲ ಮಾಡಿಸಿ ಆಫೀಸಿನಲ್ಲಿ, ವಿಜಯನಗರದ ನಮ್ಮ ಬೀದಿಯಲ್ಲಿ ಕೊಟ್ಟೆ. ಮೊದಲು ಸುಮ್ನೆ ಕೊಟ್ಟೆ, ಆಮೇಲೆ ದುಡ್ಡಿಗೆ ಕೊಟ್ಟೆ. ಸುಮ್ನೆ ಕೊಟ್ಟಾಗ ಎಲ್ಲರೂ ಚೆನ್ನಾಗಿದೆ ಅಂದರು. ದುಡ್ಡು ಕೇಳಿದ ಮೇಲೆ ಎರಡನೇ ಸಲ, ಮೂರನೇ ಸಲ ತಾವಾಗಿ ಕೇಳಿ ತರಿಸಿಕೊಂಡವರು ಯಾರು ಅಂತ ಒಂದು ಪಟ್ಟಿ ಇಟ್ಟೆ. ನನಗೆ ಭರವಸೆ ಕೊಟ್ಟಿದ್ದು ಆ ಪಟ್ಟಿ. ಮಂಡ್ಯದ ವಿ.ಸಿ. ಫಾರ್ಮ್‌ನ ಕೃಷಿ ಸಂಶೋಧನಾ ಕೇಂದ್ರಕ್ಕೂ ಓಡಾಡಿದೆ. ಬೆಲ್ಲಕ್ಕೆ ಯಾವ ತಳಿ, ಎಷ್ಟು ತಿಂಗಳ ಕಬ್ಬು, ಎಷ್ಟು ಸುಣ್ಣ, ಎಲ್ಲವನ್ನೂ ಕೂರಿಸಿಕೊಂಡು ಹೇಳಿಕೊಟ್ಟರು. ನಮ್ಮ ಭಾಗದಲ್ಲಿ ಹಳೆಯ ಸಿಒ 62175 ತಳಿ ಇನ್ನೂ ಜಾಸ್ತಿ. ಅಲ್ಲೇ ಬಿಡುಗಡೆಯಾದ ವಿಸಿಎಫ್ 0517 ಕೂಡ ಈಗ ಹೊಲಗಳಿಗೆ ಬಂದಿದೆ.

ಮನೆಯಲ್ಲಿ ಹೇಳಿದ ದಿನ ಅಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, 'ನಾನು ಕಬ್ಬು ಕಡ್ಸಿ ದುಡ್ಡಿಗೆ ಕಾದಿದ್ದು ಸಾಲ್ದಾ ಮಗ? ನಿನ್ನ ಓದ್ಸಿದ್ದೇ ಈ ಹೊಗೆ ತಪ್ಲಿ ಅಂತ ಕಣ್ಲಾ' ಅಂದರು. ಅವ್ವ ಒಳಗಿಂದಲೇ, 'ಮಾಡ್ಲಿ ಬುಡಿ, ಅವ್ನೇನು ಎಳೆ ಮಗೀನಾ?' ಅಂದಳು. ನನ್ನ ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಅವಳು ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. 'ಮನೆ ಸಾಲದ ಕಂತು, ಪಾಪು ಸ್ಕೂಲ್ ಫೀಸು, ಮಾವನ ಔಷಧಿ. ಈ ಮೂರಕ್ಕೂ ಲೆಕ್ಕ ತೋರ್ಸಿ ರೀ, ಆಮೇಲೆ ಬೆಲ್ಲದ ಮಾತು' ಅಂದಳು.

ಆ ಮಾತೇ ನನ್ನ ತಯಾರಿಯ ಪಟ್ಟಿಯಾಯಿತು. ಒಂದೂವರೆ ವರ್ಷದ ಮನೆ ಖರ್ಚನ್ನು ಅವಳ ಹೆಸರಿನ ಖಾತೆಯಲ್ಲಿ ಬೇರೆ ಇಟ್ಟೆವು. ವ್ಯಾಪಾರಕ್ಕೆ ಎಷ್ಟೇ ತೊಂದರೆ ಬಂದರೂ ಅದನ್ನು ಮುಟ್ಟುವ ಹಾಗಿಲ್ಲ ಅಂತ ಮಾತಾಯಿತು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಕಂಪನಿಯ ಗುಂಪು ವಿಮೆಯಲ್ಲಿ ಅವರಿಗೆ ಮೊದಲ ದಿನದಿಂದಲೇ ಎಲ್ಲದಕ್ಕೂ ರಕ್ಷಣೆ ಇತ್ತು. ಕೆಲಸದ ಕೊನೆಯ ದಿನ ಅದು ನಿಂತುಹೋಗುತ್ತದೆ. ಸ್ವಂತ ಪಾಲಿಸಿ ತೆಗೆದುಕೊಂಡರೆ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಅಂತ ಇರುತ್ತದೆ. ಆಗ ಅದು ನಾಲ್ಕು ವರ್ಷದವರೆಗೂ ಇರಬಹುದಿತ್ತು. 2024ರಲ್ಲಿ ಅದನ್ನು ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿಸಿದರು. ಹೇಗೂ ಕಾಯಲೇಬೇಕು ಅಂದಮೇಲೆ ಆ ಗಡಿಯಾರ ಬೇಗ ಶುರುವಾಗಲಿ ಅಂತ, ರಾಜೀನಾಮೆ ಕೊಡುವ ಎಷ್ಟೋ ಮೊದಲೇ ಅಪ್ಪ ಅವ್ವನಿಗೆ ಪಾಲಿಸಿ ಮಾಡಿಸಿದೆ. ಕೆಲಸ ಬಿಡಬೇಕು ಅಂತಿರುವ ಯಾರೇ ಸಿಕ್ಕರೂ ನಾನು ಮೊದಲು ಹೇಳುವುದು ಇದನ್ನೇ.

ಇನ್ನೊಂದು ಬ್ಯಾಂಕಿನ ವಿಷಯ. ಸಂಬಳದ ಚೀಟಿ ಇರುವವರೆಗೆ ಸಾಲ ಬೇಕಾ ಅಂತ ದಿನಾ ಫೋನ್ ಬರುತ್ತದೆ. ಚೀಟಿ ನಿಂತ ಮೇಲೆ ಅದೇ ಬ್ಯಾಂಕು ಎರಡು ವರ್ಷದ ರಿಟರ್ನ್ಸ್ ತನ್ನಿ ಅನ್ನುತ್ತದೆ. ಹಾಗಾಗಿ ತುರ್ತಿಗೆ ಬೇಕಾಗುವ ಓವರ್‌ಡ್ರಾಫ್ಟ್, ಕಾರ್ಡಿನ ಮಿತಿ ಇವನ್ನೆಲ್ಲ ಕೆಲಸದಲ್ಲಿದ್ದಾಗಲೇ ಮಾಡಿಸಿಕೊಂಡೆ. ಪಿಎಫ್ ಮುಟ್ಟಲಿಲ್ಲ. ಗ್ರಾಚ್ಯುಟಿ ಬಂತು. ಆಗಿನ ಲೆಕ್ಕದಲ್ಲಿ ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಿದರೆ ಬರುವ ಮೊತ್ತ ಅದು. ಗ್ರಾಚ್ಯುಟಿ ಸಿಗಲು ಬೇಕಾದ ಐದು ವರ್ಷ ತುಂಬುವುದಕ್ಕೆ ಸ್ವಲ್ಪ ದಿನ ಬಾಕಿ ಇದ್ದಾಗ ಬಿಟ್ಟು ಹೋಗುವವರನ್ನು ಅಕೌಂಟ್ಸ್‌ನಲ್ಲಿ ಕೂತು ನೋಡಿದ್ದೇನೆ. ತುಂಬಾ ಬೇಜಾರಾಗುತ್ತಿತ್ತು.

2022ರ ಕೊನೆಗೆ ರಾಜೀನಾಮೆ ಕೊಟ್ಟೆ. 90 ದಿನದ ನೋಟಿಸ್ ಪೀರಿಯಡ್ ಮುಗಿಸಿ, ರಿಲೀವಿಂಗ್ ಲೆಟರ್ ತೆಗೆದುಕೊಂಡು ಬಂದೆ. ಮ್ಯಾನೇಜರ್ ಒಳ್ಳೆಯವರು, ಬಾಗಿಲು ತೆರೆದೇ ಇರುತ್ತೆ ಅಂದರು. ಆ ಭಾಗದಲ್ಲಿ ಇನ್ನೇನೂ ಹೇಳುವುದಿಲ್ಲ.

ಹೇಳುವುದು ಜಾಸ್ತಿ ಇರುವುದು ನಮ್ಮ ಘಟಕದ ಸಾಲದ ಬಗ್ಗೆ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಪಿಎಂಎಫ್‌ಎಂಇ ಅಂತ ಒಂದು ಯೋಜನೆ ತಂದಿತು. ಅದರಲ್ಲಿ ಒಂದೊಂದು ಜಿಲ್ಲೆಗೆ ಒಂದೊಂದು ಉತ್ಪನ್ನ. ಮಂಡ್ಯಕ್ಕೆ ಬೆಲ್ಲ, ಮೈಸೂರಿಗೆ ಬಾಳೆ. ಯೋಜನಾ ವೆಚ್ಚದ ಶೇ. 35, ಹೆಚ್ಚೆಂದರೆ 10 ಲಕ್ಷ ಸಹಾಯಧನ. ನಮ್ಮ ರಾಜ್ಯ ಇನ್ನೂ ಶೇ. 15 ಸೇರಿಸಿ ಒಟ್ಟು ಶೇ. 50, ಹೆಚ್ಚೆಂದರೆ 15 ಲಕ್ಷದವರೆಗೆ ಕೊಡುತ್ತಿತ್ತು. ನಮ್ಮ ಕೈಯಿಂದ ಶೇ. 10 ಆದರೂ ಹಾಕಬೇಕಿತ್ತು. ನಾನು ಗ್ರಾಚ್ಯುಟಿ ದುಡ್ಡನ್ನು ಅಲ್ಲಿಗೆ ಹಾಕಿದೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇದ್ದರು. ಅವರಿಗೆ ಸರ್ಕಾರವೇ ದುಡ್ಡು ಕೊಡುತ್ತಿತ್ತು, ನಾವು ಕೊಡಬೇಕಾಗಿರಲಿಲ್ಲ.

ಇಲ್ಲಿ ಒಂದು ಮಾತು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. 'ಅರ್ಧ ದುಡ್ಡು ಸರ್ಕಾರ ಕೊಡುತ್ತೆ' ಅಂತ ಊರಲ್ಲೆಲ್ಲ ಹೇಳುತ್ತಾರೆ. ಆ ದುಡ್ಡು ನಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಮ್ಮ ಸಾಲದ ಪಕ್ಕದಲ್ಲಿ ಬೇರೆ ಖಾತೆಯಲ್ಲಿ ಕೂರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ಘಟಕ ನಡೆಯುತ್ತಿರಬೇಕು, ಸಾಲ ಬಾಕಿ ಬೀಳದೆ ಇರಬೇಕು. ಆಮೇಲೆ ಅದನ್ನು ಸಾಲಕ್ಕೆ ವಜಾ ಮಾಡುತ್ತಾರೆ. ಅಂದರೆ ಮಷೀನು ಕೊಳ್ಳಲು, ಕಬ್ಬು ಕೊಳ್ಳಲು, ಬಟವಾಡೆ ಮಾಡಲು ಆ ಸಹಾಯಧನದಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಇದು ಗೊತ್ತಿದ್ದವನು ಮೂರು ವರ್ಷದ ಕಂತಿಗೆ ತಯಾರಾಗಿ ಇಳಿಯುತ್ತಾನೆ. ಗೊತ್ತಿಲ್ಲದವನು ಆರೇ ತಿಂಗಳಿಗೆ ಗಾಣ ಮಾರಲು ಗಿರಾಕಿ ಹುಡುಕುತ್ತಾನೆ. ನಮ್ಮ ಸುತ್ತಮುತ್ತ ಎರಡು ಥರದವರನ್ನೂ ಕಂಡಿದ್ದೇನೆ.

ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವ ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಪುಕ್ಕಟೆ ಆಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಗೆ ಆಗಿನ ನಿಯಮದ ಪ್ರಕಾರ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ನೋಂದಣಿ ಸಾಕಿತ್ತು, ಮೇಲಿದ್ದರೆ ಲೈಸೆನ್ಸ್ ಬೇಕಿತ್ತು. ಜಿಎಸ್‌ಟಿ ಸ್ವಲ್ಪ ಕಿರಿಕಿರಿ. ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ. ಅದೇ ಬೆಲ್ಲವನ್ನು ತೂಕ ಮಾಡಿ, ಪ್ಯಾಕೆಟ್ಟಿಗೆ ಹಾಕಿ, ಲೇಬಲ್ ಅಂಟಿಸಿದರೆ 2022ರ ಜುಲೈ 18ರಿಂದ ಶೇ. 5. ಶುದ್ಧವಾಗಿ ಪ್ಯಾಕ್ ಮಾಡಿ, ವಿಳಾಸ ಬರೆದು, ತಾರೀಖು ಹಾಕಿ ಮಾರುವವನ ಮೇಲೆ ತೆರಿಗೆ, ಗೋಣಿಚೀಲದಲ್ಲಿ ಹಾಕಿಕೊಂಡು ಮಾರುವವನಿಗೆ ಇಲ್ಲ. ಇದು ನ್ಯಾಯ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಕೆಲಸದ ಒಳಗೆ ಬರುತ್ತೇನೆ. ಕಡಿದ ಕಬ್ಬನ್ನು ಒಂದು ದಿನದ ಒಳಗೆ ಅರೆಯಬೇಕು. ತಡವಾದರೆ ಸಿಹಿಯ ಗುಣವೇ ಬದಲಾಗಿ ಬೆಲ್ಲ ಗಟ್ಟಿಯಾಗುವುದಿಲ್ಲ. ಕಬ್ಬಿನ ಹಾಲು ಸೋಸಿ ಕೊಪ್ಪರಿಗೆಗೆ ಬಿಟ್ಟು, ಒಣಗಿದ ಕಬ್ಬಿನ ಸಿಪ್ಪೆಯಲ್ಲೇ ಬೆಂಕಿ ಹಾಕುತ್ತೇವೆ. ಬಿಸಿ ಏರುತ್ತಿದ್ದ ಹಾಗೆ ತಿಳಿ ಸುಣ್ಣದ ನೀರು ಬೀಳುತ್ತದೆ. ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ಹಿಸುಕಿ ತೆಗೆದ ಲೋಳೆಯನ್ನು ಅದಕ್ಕೆ ಹಾಕಿದರೆ ಹಾಲಿನ ಕೊಳೆಯೆಲ್ಲ ಹಸಿರು ಕಪ್ಪು ನೊರೆಯಾಗಿ ಮೇಲೆ ಬಂದು ಅಂಚಿಗೆ ಸೇರುತ್ತದೆ. ಜಾಲರಿ ಸೌಟಿನಲ್ಲಿ ಅದನ್ನು ಎತ್ತುತ್ತಲೇ ಇರಬೇಕು. ಹೈಡ್ರೋಸ್ ಹಾಕದವನಿಗೆ ಬಣ್ಣ ಸಿಗುವುದು ಈ ನೊರೆ ತೆಗೆಯುವ ತಾಳ್ಮೆಯಲ್ಲಿ. ಅರ್ಧ ಗಂಟೆ ಅಸಡ್ಡೆ ಮಾಡಿದರೆ ಆ ಕೊಪ್ಪರಿಗೆ ಕಪ್ಪಾಗಿಯೇ ಇಳಿಯುತ್ತದೆ.

ನಮ್ಮಲ್ಲಿ ಪಾಕ ನೋಡುವವರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತೇವೆ. ಅರವತ್ತು ದಾಟಿದ್ದಾರೆ. ನಾನು ಡಿಜಿಟಲ್ ಥರ್ಮಾಮೀಟರ್ ತಂದಿದ್ದೆ. ಅಚ್ಚು ಬೆಲ್ಲಕ್ಕೆ 118 ಡಿಗ್ರಿ, ಪುಡಿ ಬೆಲ್ಲಕ್ಕೆ 120ರಿಂದ 122 ಅಂತ ಬರೆದುಕೊಂಡಿದ್ದೆ. ಅಣ್ಣ ಸೌಟಿನ ತುದಿಯಿಂದ ಒಂದು ಹನಿ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಬಟ್ಟಲ ಅಂಚಿಗೆ ತಟ್ಟಿ ಸದ್ದು ಕೇಳಿಸಿಕೊಂಡರು. 'ಇಳ್ಸಿ ಬುಡಿ ಬುದ್ಧಿ' ಅಂದರು. ಥರ್ಮಾಮೀಟರಿನಲ್ಲಿ ಆಗಷ್ಟೇ 118 ಬರುತ್ತಿತ್ತು. ಆಮೇಲೆ ಎರಡನ್ನೂ ಜೊತೆಯಲ್ಲೇ ಇಟ್ಟುಕೊಂಡೆವು. ಈಗ ಅವರ ಕೈಕೆಳಗೆ ಊರಿನ ಇಬ್ಬರು ಹುಡುಗರು ಕಲಿಯುತ್ತಿದ್ದಾರೆ. ಅವರಿಗೆ ಅಂಕಿಯೂ ಗೊತ್ತು, ಸದ್ದೂ ಗೊತ್ತು. ಒಂದು ವಿಷಯ ಹೇಳಲೇಬೇಕು. ಒಡೆಯರನ್ನು ಕರೆಯುವ ಹಾಗೆ ಬುದ್ಧಿ ಅನ್ನಬೇಡಿ, ಹೆಸರು ಹಿಡಿದು ಕರೀರಿ ಅಂತ ಅಣ್ಣನಿಗೆ ಎಷ್ಟು ಹೇಳಿದರೂ ಕೇಳಲಿಲ್ಲ. ಈಗ ಒಂದು ವರ್ಷದಿಂದ 'ಮಗ' ಅನ್ನುತ್ತಾರೆ. ನನಗೆ ಅದು ಬಹಳ ದೊಡ್ಡದು.

ಶುರು ಮಾಡಿದ ವರ್ಷವೇ ಮಳೆ ಕೈಕೊಟ್ಟಿತು. 2023. ಕೆಆರ್‌ಎಸ್ ತುಂಬಲೇ ಇಲ್ಲ, ಪೂರ್ತಿ ಮಟ್ಟವಾದ 124.80 ಅಡಿಯ ಹತ್ತಿರಕ್ಕೂ ಬರಲಿಲ್ಲ. ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆಯಿತು. ನೀರಿಗಾಗಿ ಬೀದಿಗಿಳಿದವರಲ್ಲಿ ನನಗೆ ಕಬ್ಬು ಕೊಡುವ ರೈತರೂ ಇದ್ದರು. ನಾಲೆಯಲ್ಲಿ ಕಟ್ಟುನೀರು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ನೀರು. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬು ಸಣಕಲಾಯಿತು. ಟನ್ನಿಗೆ ಬರುವ ಹಾಲೇ ಕಮ್ಮಿಯಾಯಿತು. ಆ ಹಂಗಾಮಿಗೆ ಕಾರ್ಖಾನೆಗಳಿಗೆ ನಿಗದಿಯಾಗಿದ್ದ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಗೊತ್ತು ಮಾಡುವ ಕಬ್ಬಿನ ಕನಿಷ್ಠ ದರ, ಶೇ. 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,150 ರೂಪಾಯಿ. ಕಬ್ಬೇ ಇಲ್ಲದಿರುವಾಗ ಆಲೆಮನೆಯವರು ಪೈಪೋಟಿ ಮೇಲೆ ದರ ಏರಿಸಿದರು.

ಲೆಕ್ಕ ನೋಡಿ. ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕೆಜಿ ಬೆಲ್ಲ. ಟನ್ನಿಗೆ 3,000 ಅಂತ ಇಟ್ಟುಕೊಂಡರೂ ಕೆಜಿ ಬೆಲ್ಲದಲ್ಲಿ ಕಬ್ಬಿನ ಪಾಲೇ 30 ರೂಪಾಯಿ. ಅದರ ಮೇಲೆ ಕಡಿಯುವ ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಆಳುಗಳ ಕೂಲಿ, ಕರೆಂಟು, ಕವರು, ಸಾಗಾಣಿಕೆ, ಅಂಗಡಿಯವರ ಕಮಿಷನ್ನು. ಕಬ್ಬಿನ ದರ ಟನ್ನಿಗೆ 500 ಏರಿದರೆ ನನ್ನ ಒಂದು ಕೆಜಿ ಪ್ಯಾಕೆಟ್ಟಿನ ಮೇಲೆ ಐದು ರೂಪಾಯಿ ಏರಬೇಕು. ಆದರೆ ಎಂಆರ್‌ಪಿ ಅಚ್ಚು ಹಾಕಿಸಿದ ಕವರು ಆಗಲೇ ಗೋಡೌನಿನಲ್ಲಿದೆ. ಆ ವರ್ಷ ಬೋರ್‌ವೆಲ್ ಇರುವ ನಾಲ್ಕೈದು ರೈತರಿಗೆ ಮುಂಗಡ ಕೊಟ್ಟು ಕಬ್ಬು ಕಾಯ್ದಿರಿಸಿಕೊಂಡೆ. ದರ ಇಳಿದರೂ ಒಪ್ಪಿದ್ದಕ್ಕಿಂತ ಕಮ್ಮಿ ಕೊಡುವುದಿಲ್ಲ ಅಂತ ಬರೆದುಕೊಟ್ಟೆ. ಅವರಲ್ಲಿ ಹೆಚ್ಚಿನವರು ಈಗಲೂ ನನಗೇ ಕೊಡುತ್ತಾರೆ.

ಈಗ ತಾರೀಖಿನ ವಿಷಯಕ್ಕೆ ಬರುತ್ತೇನೆ. ಕಂಪನಿಯಲ್ಲಿ ತಿಂಗಳ ಕೊನೆಯ ದಿನ ಖಾತೆಗೆ ದುಡ್ಡು ಬೀಳುತ್ತಿತ್ತು. ಜ್ವರ ಬಂದರೂ ಬೀಳುತ್ತಿತ್ತು, ದಸರಾ ರಜೆ ಇದ್ದರೂ ಬೀಳುತ್ತಿತ್ತು. ಇಲ್ಲಿ ಕಬ್ಬಿಗೆ ಕಡಿದ ದಿನವೇ ದುಡ್ಡು. ರೈತ ಕಾರ್ಖಾನೆ ಬಿಟ್ಟು ಆಲೆಮನೆಗೆ ಬರುವುದೇ ಅದಕ್ಕೆ. ಆಳುಗಳಿಗೆ ಶನಿವಾರ ಬಟವಾಡೆ. ಬೆಲ್ಲ ತೆಗೆದುಕೊಂಡ ಅಂಗಡಿಯವರು ಒಂದು ತಿಂಗಳು, ಒಂದೂವರೆ ತಿಂಗಳು, ಎರಡು ತಿಂಗಳು ಬಿಟ್ಟು ಕೊಡುತ್ತಾರೆ. ಹಾಗಾಗಿ ವ್ಯಾಪಾರ ಜಾಸ್ತಿಯಾದಷ್ಟೂ ಕೈಯಲ್ಲಿ ದುಡ್ಡು ಕಮ್ಮಿಯಾಗುತ್ತದೆ. ಲಾಭದ ಲೆಕ್ಕದಲ್ಲಿ ನಾವು ಚೆನ್ನಾಗಿರುತ್ತೇವೆ, ಶನಿವಾರ ಮಾತ್ರ ಬಟವಾಡೆಗೆ ದುಡ್ಡಿರುವುದಿಲ್ಲ. ಅಕೌಂಟ್ಸ್‌ನಲ್ಲಿದ್ದ ನನಗೆ ಇದು ಕಾಗದದ ಮೇಲೆ ಚೆನ್ನಾಗಿ ಗೊತ್ತಿತ್ತು. ಸಂಜೆ ಐದು ಗಂಟೆಗೆ ಆಳುಗಳು ಕೈಕಾಲು ತೊಳೆದು ಬಂದು ಎದುರು ನಿಂತಾಗ ಅದರ ಭಾರವೇ ಬೇರೆ. ಒಂದು ಶನಿವಾರವೂ ಅವರನ್ನು ಬರಿಗೈಲಿ ಕಳಿಸಿಲ್ಲ. ಕೆಲಸ ಬಿಡುವ ಮೊದಲು ಮಾಡಿಸಿಕೊಂಡ ಓವರ್‌ಡ್ರಾಫ್ಟ್ ನೆರವಿಗೆ ಬಂದಿದ್ದು ಇಲ್ಲೇ.

ಮೈಸೂರಿನ ಒಂದು ದೊಡ್ಡ ಅಂಗಡಿ ಮೊದಲ ವರ್ಷ ಯುಗಾದಿಗೆ ಅಂತ ದೊಡ್ಡ ಆರ್ಡರ್ ಕೊಟ್ಟಿತು. ಹಬ್ಬ ಮುಗಿದು ಮಳೆಗಾಲ ಬಂದರೂ ದುಡ್ಡು ಬರಲಿಲ್ಲ. ಕೇಳಿದಾಗಲೆಲ್ಲ 'ಮುಂದಿನ ವಾರ ಬನ್ನಿ' ಅನ್ನುತ್ತಿದ್ದರು. ಸಣ್ಣ ಉದ್ಯಮಗಳಿಗಾಗಿ ಮಾಡಿದ ಎಂಎಸ್‌ಎಂಇಡಿ ಕಾಯ್ದೆ 2006ರಿಂದಲೂ ಇದೆ. ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಸಣ್ಣ ಉದ್ಯಮಕ್ಕೆ ದುಡ್ಡು ಕೊಡಬೇಕು. ಯಾರೂ ಕೇಳುತ್ತಿರಲಿಲ್ಲ. ಆಗಿನ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅಂತ ಒಂದು ನಿಯಮ ಸೇರಿಸಿದರು, 2024ರ ಏಪ್ರಿಲ್ 1ರಿಂದ. ಆ ಅವಧಿಯೊಳಗೆ ಕೊಡದಿದ್ದರೆ ಕೊಂಡವರು ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ, ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಈ ರಕ್ಷಣೆ ಇರುವುದು ನಮ್ಮಂಥ ತಯಾರಕರಿಗೆ, ಬರೀ ಕೊಂಡು ಮಾರುವ ವ್ಯಾಪಾರಿಗಳಿಗಲ್ಲ. ನಾನು ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ನಂಬರು ಅಚ್ಚು ಹಾಕಿಸಿದೆ. ಅಂಗಡಿಯ ಮಾಲೀಕರನ್ನು ಬಿಟ್ಟು ಅವರ ಆಡಿಟರ್ ಹತ್ತಿರ ಮಾತಾಡಿದೆ. ದುಡ್ಡು ಬಂತು. ಆ ಅಂಗಡಿಗೆ ಈಗ ಮುಂಗಡ ಇಲ್ಲದೆ ಕೊಡುವುದಿಲ್ಲ.

ಹೆದ್ದಾರಿ ಪಕ್ಕ ಒಂದು ಮಳಿಗೆ ಹಾಕು, ಬೆಂಗಳೂರಿಂದ ಬರೋರೆಲ್ಲ ತಗೋತಾರೆ ಅಂತ ನೆಂಟರು ಹೇಳುತ್ತಿದ್ದರು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೈಪಾಸಿನ ಮೇಲೆ ಕಾರುಗಳು ಮದ್ದೂರನ್ನು ನೋಡದೆಯೇ ಹೋಗತೊಡಗಿದವು. ಹಳೇ ರಸ್ತೆಯ ಹೋಟೆಲಿನವರ, ಅಂಗಡಿಯವರ ಕಷ್ಟ ಕಣ್ಣಾರೆ ಕಂಡೆ. ಮಳಿಗೆಯ ಯೋಚನೆ ಬಿಟ್ಟು ಮೈಸೂರಿನ ಬಡಾವಣೆಗಳ ಮನೆಗಳನ್ನೇ ನೆಚ್ಚಿಕೊಂಡೆ. ವಾಟ್ಸಾಪ್‌ನಲ್ಲಿ ಆರ್ಡರ್ ತೆಗೆದುಕೊಂಡು ವಾರಕ್ಕೊಂದು ದಿನ ಮನೆಗೆ ತಲುಪಿಸುತ್ತೇವೆ. ಮನೆಯವರು ಬೆಲ್ಲ ಕೈಗೆ ಬಂದ ತಕ್ಷಣ ದುಡ್ಡು ಹಾಕುತ್ತಾರೆ. ಅಂಗಡಿಗೆ ಕೊಟ್ಟಷ್ಟು ತೂಕ ಹೋಗುವುದಿಲ್ಲ, ನಿಜ. ಆದರೆ ಶನಿವಾರದ ಬಟವಾಡೆ ಈಗ ಈ ದುಡ್ಡಿನಲ್ಲೇ ಆಗುತ್ತದೆ. ಈಗ ಅರ್ಧಕ್ಕಿಂತ ಜಾಸ್ತಿ ಬೆಲ್ಲ ಹೋಗುವುದು ಮನೆಗಳಿಗೇ.

ಬೆಲ್ಲದ ಬಣ್ಣ ಯಾಕೆ ಹೀಗೆ ಅಂತ ಕೇಳುವವರು ಇನ್ನೂ ಇದ್ದಾರೆ. ಅವರನ್ನು ಆಲೆಮನೆಗೇ ಬನ್ನಿ ಅನ್ನುತ್ತೇನೆ. ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ. ಕಬ್ಬಿನ ಹಾಲು ಕುಡಿದು, ಬಿಸಿ ಬೆಲ್ಲವನ್ನು ಕಾಯಿ ಚೂರಿನ ಜೊತೆ ತಿಂದು ಹೋಗುತ್ತಾರೆ. ಮೊದಲು ಬೇಡ ಅಂದಿದ್ದ ಅಪ್ಪನೇ ಈಗ ಅವರಿಗೆ ಗಾಣ ತೋರಿಸಿ, ಬೆಂಡೆ ಗಿಡದ ಲೋಳೆ ತೋರಿಸಿ ವಿವರಿಸುತ್ತಾರೆ. ಸಕ್ಕರೆ ಕಾಯಿಲೆ ಇರುವುದರಿಂದ ತಾವು ತಿನ್ನುವ ಹಾಗಿಲ್ಲ. ತಿನ್ನುವವರ ಮುಖವನ್ನೇ ನೋಡುತ್ತಾ ನಿಂತಿರುತ್ತಾರೆ.

ನನ್ನ ಕೈಗೆ ಬರುವ ದುಡ್ಡು ಹಳೆಯ ಸಂಬಳದಷ್ಟು ಇನ್ನೂ ಆಗಿಲ್ಲ. ಹೆಂಡತಿಯ ಸಂಬಳ ಇಲ್ಲದಿದ್ದರೆ ಮೊದಲ ಎರಡು ವರ್ಷ ದಾಟುತ್ತಿರಲಿಲ್ಲ, ಇದನ್ನು ಯಾರು ಕೇಳಿದರೂ ಹೇಳುತ್ತೇನೆ. ಬೇರೆ ಇಟ್ಟಿದ್ದ ಮನೆ ಖರ್ಚಿನ ದುಡ್ಡು ಪೂರ್ತಿ ಮುಗಿಯಲಿಲ್ಲ. 2024ರ ಜುಲೈನಲ್ಲಿ ಕೆಆರ್‌ಎಸ್ ತುಂಬಿದ ಮೇಲೆ ಮುಂದಿನ ಹಂಗಾಮಿಗೆ ಕಬ್ಬು ಚೆನ್ನಾಗಿ ಬಂತು.

ಉಳಿದಿರುವ ದೊಡ್ಡ ತಲೆನೋವು ಮಳೆಗಾಲ. ಸಿಪ್ಪೆ ಒಣಗುವುದಿಲ್ಲ, ಒಲೆ ಉರಿಯುವುದಿಲ್ಲ. ಗಾಳಿಯ ತೇವ ಹೀರಿ ಬೆಲ್ಲ ಬೆವರುತ್ತದೆ. ಆದರೆ ಗೌರಿ ಗಣೇಶ ಹಬ್ಬದ ಬೇಡಿಕೆ ಬರುವುದು ಅದರ ಬೆನ್ನಿಗೇ. ಬೇಸಿಗೆಯಲ್ಲೇ ಪುಡಿ ಬೆಲ್ಲ ಜಾಸ್ತಿ ಮಾಡಿ, ತೇವ ತಡೆಯುವ ಕವರಿನಲ್ಲಿ ಹಾಕಿಟ್ಟು ನೋಡುತ್ತಿದ್ದೇವೆ. ಗೋಡೌನಿನ ಒಂದು ಕೋಣೆಗೆ ತೇವ ತೆಗೆಯುವ ಮಷೀನು ಹಾಕಿಸಲು ಕೊಟೇಶನ್ ತರಿಸಿದ್ದೇನೆ. ಅದಕ್ಕೆ ಸಾಲ ಮಾಡಬೇಕಾ, ಇಲ್ಲ ಈ ಹಂಗಾಮಿನ ದುಡ್ಡು ಬರಲಿ ಅಂತ ಕಾಯಬೇಕಾ ಅಂತ ಮನೆಯಲ್ಲಿ ಮಾತು ನಡೆಯುತ್ತಿದೆ. ಹೆಂಡತಿ ಕಾಯೋಣ ಅನ್ನುತ್ತಾಳೆ. ಅಪ್ಪ ಹಾಕ್ಸು ಅನ್ನುತ್ತಾರೆ.